ಇಗ್ಲೂ ಗೊತ್ತಿಲ್ಲದ ಹುಡುಗ

ಬೈಲಹೊಂಗಲ,
೧೬ ಏಪ್ರಿಲ್ ೨೦೨೫

ಪ್ರಿಯ ಅಭಿಜಿತ ಅವರಿಗೆ ಸುಚೇತಾಳ ನಮಸ್ಕಾರ.

ಸೊಂಟನೋವು ಹೇಗಿದೆ? ಉತ್ತರದ ಹಿಮದ ಬೆಟ್ಟಗಳಲ್ಲಿ ಅಣೆಕಟ್ಟಿನ ಕೆಲಸ, ಆ ಚಳಿಯಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ತಿರುಗಬೇಡಿ. ಇಲ್ಲಿ ಎಲ್ಲರೂ ಆರಾಮ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ತಾಯಿ ಪಕ್ಕದಿಂದ ಏಳುವುದಿಲ್ಲ. ಅದಕ್ಕೇ ಈ ಪತ್ರ.

ಹುಬ್ಬಳ್ಳಿಯಿಂದ ನಿಮ್ಮ ಅಕ್ಕ ಪ್ರಿಯಂವದಾ ಬಂದು ವಾರವಾಯಿತು. ಶಿಶುವಿಹಾರ ನಡೆಸುತ್ತಾರಲ್ಲ, ಮಕ್ಕಳ ವಿಷಯದಲ್ಲಿ ದೇವರಿಗೂ ತಿಳಿಯದ್ದು ಅವರಿಗೆ ತಿಳಿದಿದೆ. ಬಂದ ದಿನವೇ ನಮ್ಮ ನಾಲ್ಕು ವರ್ಷದ ಸಂಕೇತನನ್ನು ತೂಗುಮಂಚದ ಮೇಲೆ ಕೂರಿಸಿ ಚಿತ್ರದ ಕಾರ್ಡು ಹಿಡಿದರು. ಮೊದಲ ಕಾರ್ಡಿನಲ್ಲೇ ಇಗ್ಲೂ. ಬೈಲಹೊಂಗಲದ ಈ ಬಿಸಿಲಿನಲ್ಲಿ ಹಿಮದ ಮನೆ. ಹುಡುಗ ಕಾರ್ಡಿನ ಅಂಚನ್ನು ಬಾಯಿಗಿಟ್ಟುಕೊಂಡ, ಕಸಿದುಕೊಂಡರು. ಆಮೇಲೆ ಇಂಗ್ಲಿಷ್ ಪ್ರಾಸದ ಹಾಡು ಹಚ್ಚಿ, ತಾವೇ ಕುಣಿದು, ತಾವೇ ಚಪ್ಪಾಳೆ ಹೊಡೆದುಕೊಂಡರು. ಅವನು ಬಾಯಿ ಬಿಡಲಿಲ್ಲ. “ಹುಡುಗನ ಶಬ್ದಸಂಪತ್ತು ಭಾಳ ಕಡಿಮಿ ಅದ. ಜೂನದಿಂದ ನಮ್ಮನ್ಯಾಗ ಇಟ್ಕೋತೇನಿ” ಎಂದು ತೀರ್ಪು ಕೊಟ್ಟರು. ನಿಮ್ಮ ತಾಯಿ ತಲೆಯಾಡಿಸಿದರು.

ಶಬ್ದಸಂಪತ್ತಂತೆ. ನಿನ್ನೆ ಸಂಜೆ ಅಡುಗೆಮನೆಯಲ್ಲಿ ಮೆಂತ್ಯ ಬಿಡಿಸುತ್ತ ನಾವಿಬ್ಬರೂ ದಿನದ ಆಟ ಆಡುತ್ತಿದ್ದೆವು. ಮೊದಲು ಕೈಚೀಲದೊಳಗೆ ಕಾಯಿಪಲ್ಲೆ ಅಡಗಿಸಿ, ನೋಡದೆ ಮುಟ್ಟಿ ಹೇಳೆಂದೆ. ಹೀರೇಕಾಯಿ ಮುಟ್ಟಿ “ಇದರ ಬೆನ್ನಿಗೆ ಗೆರಿ ಅವ” ಎಂದ. ಆಮೇಲೆ ಪ್ರಾಸ. “ಸೊಪ್ಪು” ಎಂದೆ, “ಉಪ್ಪು” ಎಂದ. “ಹಿಟ್ಟು” ಎಂದೆ, “ಸಿಟ್ಟು” ಎಂದ. “ಸಿಟ್ಟಂದ್ರ ಏನೋ?” ಎಂದು ಕೇಳಿದೆ. “ಕಾರ್ಡ್ ಕಸ್ಗೊಳ್ಳುವಾಗ ಅತ್ಯಾನ ಮಾರಿ ಆಗ್ತದಲ್ಲ, ಅದು” ಎಂದ.

ಬಾಗಿಲಲ್ಲಿ ಅಕ್ಕ ನಿಂತಿದ್ದರು. ಇಷ್ಟು ಖಚಿತವಾಗಿ ಅರ್ಥ ಹೇಳಿದ ಹುಡುಗನನ್ನು ಎತ್ತಿ ಮುದ್ದಿಸಬೇಕಿತ್ತು. “ಅಡಗಿಮನಿ ಮಾತು ಕಲಿಸಿ ಹುಡುಗನ್ನ ಕೆಡಿಸಿಟ್ಟಿ ಸುಚೇತಾ. ಅಭಿಜಿತ ಹೂಂ ಅಂದಾನ. ಜೂನ್ ತನಕ ಯಾಕ, ಶುಕ್ರವಾರನ ಕರ್ಕೊಂಡು ಹೋಗ್ತೇನಿ” ಎಂದರು.

ಅಲ್ಲಿಗೆ ಹೋದ ಈ ಎರಡು ವರ್ಷದಲ್ಲಿ ನೀವು ಮಗನೊಡನೆ ಆಡಿದ ಮಾತನ್ನೆಲ್ಲ ಒಂದು ಕಾರ್ಡಿನ ಹಿಂದೆ ಬರೆಯಬಹುದು. ಅವನನ್ನು ಕೊಟ್ಟುಬಿಡಲು ಮಾತ್ರ ಒಂದು ಹೂಂ ಸಾಕಾಯಿತು.

ಅವರು ಹೋದ ಮೇಲೆ ಸಂಕೇತ ನನ್ನ ಸೆರಗು ಹಿಡಿದು, “ಹುಬ್ಬಳ್ಳಿಯೊಳಗ ನೀನೂ ಇರ್ತೀ ಏನು?” ಎಂದು ಕೇಳಿದ. ಮೆಂತ್ಯವನ್ನು ಅಲ್ಲೇ ಬಿಟ್ಟು ಅವನನ್ನು ಎತ್ತಿಕೊಂಡೆ.

ಖಾರ ಕಡಿಮೆ ತಿನ್ನಿ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ಸುಚೇತಾ

ತಾ.ಕ.: ಇದನ್ನು ರಾಮದುರ್ಗದಲ್ಲಿ ಅಂಚೆಗೆ ಹಾಕುತ್ತಿದ್ದೇನೆ. ಶುಕ್ರವಾರದವರೆಗೆ ಕಾಯಲಿಲ್ಲ, ಗುರುವಾರ ಬೆಳಗಿನ ಬಸ್ಸಿಗೆ ಸಂಕೇತನನ್ನು ಕರೆದುಕೊಂಡು ತವರಿಗೆ ಬಂದುಬಿಟ್ಟೆ. ಅಕ್ಕನಿಗೆ ನೀವೇ ಫೋನು ಮಾಡಿ, ನಿಮ್ಮ ಬಾಯಿಂದಲೇ ಬೇಡ ಅನ್ನಿ. ಅಂದ ದಿನ ಮರಳುತ್ತೇವೆ.