ದಪ್ಪ ಹೊಲಿಗೆಗೆ ಇಬ್ಬರು ಬೇಕು

13 ಜನವರಿ 2025, ಸೋಮವಾರ

ಒಂಬತ್ತೂವರೆಗೆ ಅಂಗಡಿ ತೆಗೆದೆ. ಎರಡು ಪ್ಯಾಂಟ್ ಆಲ್ಟರ್, ಒಂದು ಶರಟಿನ ಕಾಲರ್. ಆಟೋ ನಿರಂಜನ ಟಾಪ್ ಹರಿದಿದೆ ಎಂದು ರೆಕ್ಸಿನ್ ತಂದಿದ್ದ. ದಪ್ಪ ಹೊಲಿಗೆ ಈಗ ಮಾಡುವುದಿಲ್ಲ ಎಂದೆ.

"ಎಂತಕ್ಕೆ ಸೀತಾರಾಮಣ್ಣ, ಮಷಿನಿಗೂ ವಯಸ್ಸಾಯ್ತಾ?"

"ಹೌದು ಮಾರಾಯ. ಬಸ್ ಸ್ಟ್ಯಾಂಡ್ ಹತ್ರ ಕೊಡು."

ಟಾಪ್, ಬ್ಯಾಗು, ಸೀಟ್ ಕವರ್ — ದಪ್ಪದ್ದು ಯಾವುದಿದ್ದರೂ ಶೇಷಮ್ಮ ಮಷಿನಿನ ಹಿಂದೆ ನಿಂತು ಎರಡೂ ಕೈಯಲ್ಲಿ ಬಟ್ಟೆ ಎಳೆಯುತ್ತಿದ್ದಳು. ನಾನು ತುಳಿಯುವುದು, ಅವಳು ಎಳೆಯುವುದು. ಮದುವೆಯಾದ ವರ್ಷದಿಂದ, ಮೂವತ್ತೊಂದು ವರ್ಷ. ಅವಳು ಹೋಗಿ ಬರುವ ತಿಂಗಳಿಗೆ ವರ್ಷವಾಗುತ್ತದೆ.

19 ಜನವರಿ, ಭಾನುವಾರ

ಮಗಳು ಸುಚಿತ್ರಾ ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಳು. ಬ್ಯಾಗಿನಲ್ಲಿ ಅಮ್ಮನ ನಾಲ್ಕು ಸೀರೆ. ಉಳಿದವನ್ನು ಹದಿಮೂರನೇ ದಿನವೇ ಹಂಚಿಯಾಗಿತ್ತು. ಇವನ್ನು ಆಗಲೇ ಯಾರಿಗೂ ಹೇಳದೆ ಒಯ್ದಿದ್ದಳಂತೆ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಬಟ್ಟೆಯ ಹಾರ. ಇಳಿಬಿಡುವ ಹಾರವಲ್ಲ. ದುಂಡಗೆ, ಹೊರೆ ಹೊರುವಾಗ ತಲೆಗಿಡುವ ಸಿಂಬೆಯ ಹಾಗೆ, ಆದರೆ ದೊಡ್ಡದು. ತುಂಡುಗಳನ್ನು ಎಲೆಯ ಹಾಗೆ ಮಡಿಸಿ ಒಂದರ ಮೇಲೊಂದು ಕೂರಿಸಿದ್ದಾರೆ.

"ವರ್ಷದ ಕಾರ್ಯಕ್ಕೆ ಅಮ್ಮನ ಫೋಟೋ ಸುತ್ತ ಇದನ್ನ ಹಾಕಣ. ಆ ಪ್ಲಾಸ್ಟಿಕ್ ಹಾರ ನೋಡಿದ್ರೆ ನಂಗೆ ಆಗಲ್ಲ ಅಪ್ಪ."

"ಸೀರೆ ಕತ್ತರಿಸ್ಬೇಕಲ್ಲೇ."

"ಪೆಟ್ಟಿಗೇಲಿ ಇಟ್ರೆ ಜಿರಳೆ ಕತ್ತರಿಸತ್ತೆ."

ಕಾರ್ಯ ಫೆಬ್ರವರಿ 13ಕ್ಕೆ. ಆಗಲಿ ಎಂದೆ. ನಾನು ಕತ್ತರಿ ಹಾಕುವಾಗ ಅವಳು ಹೊರಗೆ ಹೋಗಿ ನಿಂತಳು.

22 ಜನವರಿ, ಬುಧವಾರ

ಒಳಗೆ ಹಳೇ ಕಂಬಳಿಯ ಪಟ್ಟಿ, ಮೇಲೆ ಸೀರೆಯ ಎಲೆಗಳು. ಉದ್ದಕ್ಕೂ ಸಲೀಸಾಗಿ ಹೊಲಿದೆ. ಎರಡು ತುದಿ ಸೇರಿಸಿ ದುಂಡಗೆ ಮಾಡುವ ಕಡೆ ಮಾತ್ರ... ಕಂಬಳಿ ಎರಡು ಪದರ, ಸೀರೆ ಹನ್ನೆರಡು. ದಪ್ಪದ, ಹದಿನೆಂಟು ನಂಬರ್ ಸೂಜಿ ಹಾಕಿದೆ. ಸುತ್ತಿಗೆಯಲ್ಲಿ ಬಡಿದು ತೆಳ್ಳಗೆ ಮಾಡಿದೆ. ಬಟ್ಟೆ ಒತ್ತಿಹಿಡಿಯುವ ಮಷಿನಿನ ಪಾದದ ಹಿಂದೆ ಬಟ್ಟೆ ಮಡಿಸಿಟ್ಟು ಎತ್ತರ ಸಮ ಮಾಡಿದೆ. ತುಳಿಯದೆ ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ನಾಲ್ಕು ಹೊಲಿಗೆ ಹೋಯಿತು. ಐದನೆಯದಕ್ಕೆ ಬಟ್ಟೆ ಸರಿಯಲಿಲ್ಲ — ಟಕ್. ಮೂರು ಸೂಜಿ ಹೋದವು.

ದಬ್ಬಳದಲ್ಲಿ ಕೈಹೊಲಿಗೆ ಹಾಕಬಹುದು. ಅವಳಿದ್ದಿದ್ದರೆ ಅಡಿಕೆ ಚೀಲ ಹೊಲಿದ ಹಾಗಿದೆ ಎನ್ನುತ್ತಿದ್ದಳು.

26 ಜನವರಿ, ಭಾನುವಾರ

ತಾನು ಎಳೆಯುತ್ತೇನೆ ಎಂದು ಸುಚಿತ್ರಾ ಹಿಂದೆ ನಿಂತಳು. ಜೋರಾಗಿ ಎಳೆದಳು. ಸೂಜಿ ಬಾಗಿ ಮುರಿದು ತುಂಡು ಕ್ಯಾಲೆಂಡರಿಗೆ ಹಾರಿತು.

"ಹಗ್ಗಜಗ್ಗಾಟ ಅಲ್ವೇ ಇದು."

"ಮತ್ತೆ ಅಮ್ಮ ಹೆಂಗೆ ಎಳೀತಿದ್ಲು? ಹೇಳು, ಹಂಗೇ ಎಳೀತೀನಿ."

ಹೇಳಲು ಬಾಯಿ ತೆರೆದೆ. ಗೊತ್ತಿಲ್ಲ. ನಾನು ಸೂಜಿಯ ತುದಿ ನೋಡುತ್ತಿದ್ದೆ. ಬಟ್ಟೆ ತಾನಾಗಿ ಹೋಗುತ್ತಿತ್ತು.

"ಎರಡೂ ಕೈ ಸಮ ಇರ್ಬೇಕು" ಎಂದೆ. ಅಷ್ಟು ಹೇಳಿ ಎದ್ದುಬಿಟ್ಟೆ. ಏನಾಯ್ತು ಎಂದು ಕೇಳಿದಳು. ಸೊಂಟ ನೋವು ಎಂದೆ.

28 ಜನವರಿ, ಮಂಗಳವಾರ

ಇಲ್ಲಿಯಾದರೂ ಬರೆಯಬೇಕು.

ಹೋದ ವರ್ಷ ಇದೇ ದಿನಗಳು. ಒಂದು ಆಟೋ ಟಾಪ್ ಹೊಲಿಯುತ್ತಿದ್ದಾಗ ಹೊಲಿಗೆ ಓರೆ ಹೋಗತೊಡಗಿತು. ಬಟ್ಟೆ ಸರಿಸುವ ಹಲ್ಲು ಸವೆದಿದೆ ಎಂದುಕೊಂಡೆ. ಎಣ್ಣೆ ಬಿಟ್ಟೆ. ದಾರದ ಬಿಗಿ ಬದಲಿಸಿದೆ. ಸರಿಯಾಗಲಿಲ್ಲ. ಮಷಿನಿನ ತಲೆ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಸಾಗರಕ್ಕೆ ಒಯ್ದೆ. ರಿಪೇರಿಯ ಮುಕುಂದಯ್ಯ ಎರಡು ದಿನ ಇಟ್ಟುಕೊಂಡು ನೋಡಿದರು.

"ಇದಕ್ಕೆ ಯಾವ ಕಾಯಿಲೆನೂ ಇಲ್ಲ ಮಾರಾಯ್ರೆ. ನಿಮ್ಮ ಕಣ್ಣು ತೋರಿಸ್ಕಳಿ."

ಇಬ್ಬರೂ ನಕ್ಕೆವು. ತಂದು ಕೂರಿಸಿದೆ. ಮತ್ತೆ ಓರೆ. ಆಗ ಶೇಷಮ್ಮನಿಗೆ ಅಂದೆ — ಕೈಯಲ್ಲಿ ಜೀವ ಇಲ್ವೇನೇ ನಿಂಗೆ?

"ಎಡಗೈ ಯಾಕೋ ಜೋಮು ಕಣ್ರಿ" ಎಂದಳು.

ಚಳಿಗೆ, ಎಂದೆ.

ಹನ್ನೊಂದನೆಯ ದಿನ ಬಚ್ಚಲಲ್ಲಿ ಬಿದ್ದಳು. ಸ್ಟ್ರೋಕ್. ಆಸ್ಪತ್ರೆಯಲ್ಲಿ ಆರು ದಿನ ಇದ್ದಳು, ಅಷ್ಟೆ. ಕೈ ಸೋಲುವುದು ಮೊದಲೇ ಗೊತ್ತಾಗಿತ್ತಾ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಸುಚಿತ್ರಾ ಪಕ್ಕದಲ್ಲೇ ಇದ್ದಳು.

ಮಷಿನನ್ನು ಬಸ್ಸು ಹತ್ತಿಸಿದೆ. ಅವಳನ್ನು ಹತ್ತಿಸಲಿಲ್ಲ.

6 ಫೆಬ್ರವರಿ, ಗುರುವಾರ

ಎಂಟು ದಿನ ಬರೆಯಲಿಲ್ಲ. ಹೊಲಿಯಲೂ ಇಲ್ಲ. ಹೋದ ಭಾನುವಾರ ಸುಚಿತ್ರಾಳಿಗೆ ಬರಬೇಡ ಎಂದಿದ್ದೆ. ಹಾರ ಎರಡು ತುದಿ ಬಿಟ್ಟುಕೊಂಡು ಮೇಜಿನ ಮೇಲೆ ಬಿದ್ದಿದೆ.

ಇವತ್ತು ಫೋನ್ ಮಾಡಿದಳು. "ಆಯ್ತಾ ಅಪ್ಪ?"

"ಆಗ್ತದೆ."

ಅವಳಿಗೆ ಹೇಳದೆ ಇದನ್ನು ಫೋಟೋಗೆ ಹಾಕಲು ಕೈ ಬರುವುದಿಲ್ಲ. ಹೇಳಿದರೆ ಅವಳು ಮತ್ತೆ ಈ ಮನೆಗೆ ಬರುತ್ತಾಳೋ ಇಲ್ಲವೋ. ನನಗಿರುವುದು ಅವಳೊಬ್ಬಳೇ.

9 ಫೆಬ್ರವರಿ, ಭಾನುವಾರ, ಮಧ್ಯಾಹ್ನ 12

ಹೇಳಿದೆ. ಮಷಿನಿನ ಮುಂದೆ ಕೂತೇ ಹೇಳಿದೆ. ಓರೆ ಹೊಲಿಗೆ, ಸಾಗರ, ಜೋಮು, ಡಾಕ್ಟರಿಗೆ ಹೇಳಿದ ಸುಳ್ಳು... ಎಲ್ಲ. ಸುಚಿತ್ರಾ ಸೀರೆಯ ತುಂಡೊಂದರ ಎಳೆ ಕೀಳುತ್ತ ಕೇಳಿದಳು.

"ಒಂದ್ ವರ್ಷ ಇಟ್ಕಂಡ್ಯಲ್ಲ ಅಪ್ಪ."

"ಹೂಂ."

"ಮೊದ್ಲೇ ಲಕ್ಷಣ ಇರ್ಬೇಕಲ್ಲ ಅಂದ ಡಾಕ್ಟ್ರ ಹತ್ರ ನಿನ್ನ ಪರವಾಗಿ ಜಗಳ ಆಡಿದ್ದೆ ನಾನು."

ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದೂ ಇಲ್ಲ. ಒಂದು ಗಂಟೆಗೆ ಬಸ್ಸಿದೆ.

ಅದೇ ದಿನ, ಮೂರೂವರೆ

ಹೋಗಲಿಲ್ಲ. ನನಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಆಮೇಲೆ ಬಂದು ನನ್ನ ಸ್ಟೂಲಿನ ಮೇಲೆ ಕೂತಳು.

"ನಾನು ತುಳೀತೀನಿ. ನೀನು ಹಿಂದೆ ಹೋಗು."

"ಬರತ್ತಾ ನಿಂಗೆ?"

"ಏಳ್ನೇ ಕ್ಲಾಸಲ್ಲಿ ನೀನೇ ಕಲ್ಸಿದ್ದು. ಹೋಗು."

ಹೋದೆ. ಗೋಡೆಗೂ ಮಷಿನಿಗೂ ನಡುವೆ ಒಂದೂವರೆ ಅಡಿ ಜಾಗ. ಇಷ್ಟು ವರ್ಷದಲ್ಲಿ ಒಂದು ಸಲವೂ ಅಲ್ಲಿ ನಿಂತು ಬಟ್ಟೆ ಹಿಡಿದಿರಲಿಲ್ಲ. ಅಂಚು ಹಿಡಿದೆ. ಎಳೆಯುವುದಲ್ಲ ಅದು. ಸೂಜಿ ಮೇಲೆದ್ದಾಗ ಬಟ್ಟೆಯ ಜೊತೆ ಒಂದಿಷ್ಟೇ ಹೋಗುವುದು. ಆದರೆ ಅಲ್ಲಿಂದ ಸೂಜಿ ಕಾಣುವುದಿಲ್ಲ, ಪಾದದ ಕಂಬಿ ಅಡ್ಡ. ತುಳಿಯುವವರ ಮುಖ ನೋಡಿಯೇ ತಿಳಿಯಬೇಕು.

ಸುಚಿತ್ರಾಳ ಮುಖ ನೋಡಿದೆ. ಅಳುತ್ತಿದ್ದಳು. ಕಾಲು ನಿಲ್ಲಿಸಲಿಲ್ಲ. ಐದು, ಆರು, ಏಳು... ಸೂಜಿ ಮುರಿಯಲಿಲ್ಲ. ಹಾರ ಕೂಡಿತು.

ಹಾಗಾದರೆ ಶೇಷಮ್ಮ ಮೂವತ್ತೊಂದು ವರ್ಷ ಅಲ್ಲಿ ನಿಂತು ನನ್ನ ಮುಖವನ್ನೇ... ನಾನು ಒಂದೇ ಒಂದು ಸಲ ತಲೆ ಎತ್ತಿದ್ದರೆ —