ಸಹಕರಿಸದ ಪ್ರಯಾಣಿಕ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಬಂದರಿನ ಆ ಕ್ರೇನಿನ ಗೂಡಿನಲ್ಲಿ ದಿನವಿಡೀ ಬಗ್ಗಿ ಕೂತರೆ ಬೆನ್ನು ಏನಾಗಬೇಕು ಹೇಳು. ಬೆನ್ನ ಹಿಂದೆ ದಿಂಬು ಇಟ್ಟುಕೋ ಎಂದು ನಾನು ಹೇಳಿದ್ದನ್ನು ನೀನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿರುತ್ತೀಯ. ಪುಟ್ಟಿಯ ಕೆಮ್ಮು ನಿಂತಿತೆ? ನಿನ್ನ ಹೆಂಡತಿಗೆ ಪಾಳಿ ಬದಲಾಯಿತೆ? ನಾವಿಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ಮೊನ್ನೆ ಫೋನಿನಲ್ಲಿ ನೀನು, "ಅಪ್ಪ ಸ್ವಲ್ಪ ಸುಮ್ನೆ ನಿಂತಿದ್ರೆ ಏನಾಗ್ತಿತ್ತು ಅಕ್ಕಾ? ಇಲ್ಲಿ ನನ್ ಜೊತೆ ಕೆಲಸ ಮಾಡೋರೆಲ್ಲಾ ಆ ವಿಡಿಯೋ ನೋಡಿದಾರೆ" ಎಂದೆಯಲ್ಲ, ನಾನು ಮಾತಾಡದೆ ಫೋನ್ ಇಟ್ಟುಬಿಟ್ಟೆ. ಇಟ್ಟದ್ದು ಒಳ್ಳೆಯದೇ ಆಯಿತು. ಆಗ ನನ್ನ ಬಾಯಿಗೆ ಬಂದದ್ದನ್ನು ಆಡಿದ್ದರೆ ನಾವಿಬ್ಬರೂ ಈ ಜನ್ಮದಲ್ಲಿ ಮುಖ ನೋಡುತ್ತಿರಲಿಲ್ಲ. ಪಕ್ಕದ ಮನೆಯ ಹಲ್ಲಿನ ಡಾಕ್ಟರ ಮಗಳು ನಿಮ್ಮ ಊರಿಗೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಪೂರ್ತಿ ಓದು.

ನೀನು ಬಿಟ್ಟುಹೋದ ಅಪ್ಪ ಬೇರೆ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವಾಗ ಆ ಕೊನೆಯ ಈರುಳ್ಳಿ ಅಂಗಡಿಯವರೆಗೂ ಅವರ ಗಂಟಲು ಕೇಳುತ್ತಿತ್ತು. ಜನ ಅವರನ್ನು ಗಂಟೆ ಮಾಮ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಅವರು ಹಲ್ಲುಜ್ಜುತ್ತಾ ಯಾರಿಗಾದರೂ ಬೈದರೆ ನಾವಿಬ್ಬರೂ ಹೊದಿಕೆಯೊಳಗೇ ಎದ್ದು ಕೂರುತ್ತಿದ್ದೆವಲ್ಲ, ಆ ದನಿ. ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಕತ್ತಿನಲ್ಲಿ ಒಂದು ರಂಧ್ರ ಉಳಿಯಿತು. ಉಸಿರಾಟ ಅದರಿಂದಲೇ. ನನ್ನ ಟೈಲರ್ ಅಂಗಡಿಯಲ್ಲಿ ಉಳಿದ ಮೆತ್ತನೆಯ ಬಟ್ಟೆಯಲ್ಲಿ ಅದಕ್ಕೊಂದು ಪಟ್ಟಿ ಹೊಲಿದುಕೊಡುತ್ತೇನೆ. ಅದನ್ನು ಅವರು ನನ್ನೆದುರು ಕೂಡ ಬಿಚ್ಚುವುದಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಬದಲಿಸುತ್ತಾರೆ. ಮಾತಾಡಲು ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟಿದ್ದರು. ಚಿಕ್ಕ ಟಾರ್ಚಿನಂತಿರುತ್ತದೆ. ಕತ್ತಿಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ, ತುಟಿ ಆಡಿಸಿದರೆ ಆ ಗುಂಯ್‌ನಲ್ಲೇ ಮಾತು ಮೂಡುತ್ತದೆ. ಏರಿಲ್ಲ, ಇಳಿವಿಲ್ಲ, ಬೈದರೂ ಒಂದೇ, ಮುದ್ದು ಮಾಡಿದರೂ ಒಂದೇ. ಪುಟ್ಟಿ ಎಂದರೆ ಬುಡ್ಡಿ ಎಂದು ಕೇಳುತ್ತದೆ. ಅದಕ್ಕೆ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಕ್ಕರೂ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ನಿನ್ನ ಜೊತೆ ಫೋನಿನಲ್ಲಿ ಅವರು ಯಾಕೆ ಮಾತಾಡುವುದಿಲ್ಲ, ಬರೀ ಮೆಸೇಜು ಕಳಿಸುತ್ತಾರೆ ಎಂದು ನೀನು ಮುನಿಸಿಕೊಂಡಿದ್ದೆ. "ಈ ದನೀನ ಮೊದಲ ಸಲ ಫೋನಲ್ಲಿ ಕೇಳೋದು ಬೇಡ. ಎದುರಿಗೆ ಕೂತು ಆಡ್ತೀನಿ, ನನ್ ಮುಖಾನೂ ಕಾಣ್ಲಿ" ಎಂದಿದ್ದರು. ನಿನಗೆ ಅಲ್ಲಿಯ ವಾಸದ ಪರವಾನಗಿ ಸಿಗುವವರೆಗೆ ಆ ದೇಶ ಬಿಟ್ಟು ಬರುವಂತಿಲ್ಲ. ಆದ್ದರಿಂದ ತಾವೇ ಬರುತ್ತೇನೆಂದು ಹೊರಟರು. ಆಸ್ಪತ್ರೆಯಲ್ಲಿ ಡಾಕ್ಟರನ್ನು ಕೇಳಿದಾಗ, ಈ ವರ್ಷವೇ ಹೋಗಿಬನ್ನಿ ಎಂದರು. ಮುಂದಿನ ವರ್ಷದ ಮಾತನ್ನು ಅವರು ಎತ್ತಲಿಲ್ಲ. ನಾವೂ ಕೇಳಲಿಲ್ಲ.

ನಾನೂ ಜೊತೆಗೆ ಹೊರಟಿದ್ದೆನಲ್ಲ, ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ವಿಮಾನ ನಿಲ್ದಾಣಕ್ಕೆ ಬೇಕಾದಷ್ಟು ಮುಂಚೆಯೇ ಹೋದೆವು. ಆದರೂ ತಪಾಸಣೆಯ ಸಾಲು ಮೆಟ್ಟಿಲಿಳಿದು, ಗಾಜಿನ ಬಾಗಿಲು ದಾಟಿ, ಹೊರಗೆ ಟ್ಯಾಕ್ಸಿ ನಿಲ್ಲುವ ಜಾಗದವರೆಗೂ ಬಂದಿತ್ತು. ಹಿಂದಿನ ವಾರ ಯಾರೋ ಒಬ್ಬ ಬ್ಯಾಗಿನಲ್ಲಿ ಚಾಕು ಇಟ್ಟುಕೊಂಡೇ ಒಳಗೆ ಹೋಗಿದ್ದನಂತೆ, ಪತ್ರಿಕೆಯವರು ನಿಲ್ದಾಣದವರ ಮಾನ ಹರಾಜು ಹಾಕಿದ್ದರಂತೆ. ಆ ಸಿಟ್ಟೆಲ್ಲ ಸಾಲಿನಲ್ಲಿ ನಿಂತವರ ಮೇಲೆ. ಬೂಟು ಬಿಚ್ಚು, ಬೆಲ್ಟು ಬಿಚ್ಚು, ಮಗುವಿನ ಹಾಲಿನ ಬಾಟಲಿ ನೀನೇ ಕುಡಿದು ತೋರಿಸು. ಒಬ್ಬ ಮುದುಕಿಯನ್ನು ಗಾಲಿಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿ ಕುರ್ಚಿಯನ್ನು ತಡಕಿದರು. ಆಕೆ ಗೋಡೆ ಹಿಡಿದುಕೊಂಡು ಎಲ್ಲರ ಕ್ಷಮೆ ಕೇಳುತ್ತಿದ್ದಳು, ಸಾಲು ತಡವಾಯಿತೆಂದು! ಹತ್ತಿರ ಬಂದಾಗ ಹೆಂಗಸರೆಲ್ಲ ಆ ಕಡೆ ಎಂದು ನನ್ನನ್ನು ಪರದೆ ಕಟ್ಟಿದ ಸಾಲಿಗೆ ಅಟ್ಟಿದರು. ಅಪ್ಪನ ಜೊತೆ ನಾನಿರಬೇಕು, ಅವರಿಗೆ ಮಾತು ಕಷ್ಟ ಎಂದೆ. "ಎಲ್ಲರಿಗೂ ಏನೋ ಒಂದು ಕಷ್ಟ ಇದ್ದೇ ಇರುತ್ತೆ, ನಡೀರಿ" ಎಂದಳು ಅಲ್ಲಿದ್ದ ಹೆಂಗಸು.

ನಾನಿಲ್ಲದಾಗ ಆದದ್ದನ್ನು ಅಪ್ಪನೇ ಆಮೇಲೆ ಬರೆದು ತೋರಿಸಿದರು. ಕಾವಲಿನವನು ಜೇಬಿನಲ್ಲಿರುವುದೆಲ್ಲ ಟ್ರೇಗೆ ಎಂದ. ಅಪ್ಪ ಯಂತ್ರವನ್ನು ಕತ್ತಿಗೆ ಒತ್ತಿ, ಇದು ನನ್ನ ಮಾತು, ಇದೊಂದು ಕೈಯಲ್ಲಿರಲಿ ಎಂದರಂತೆ. ಅವನು ಕೇಳಿಸಿಕೊಳ್ಳುವ ಗೋಜಿಗೆ ಹೋಗದೆ ಕೈಯಿಂದ ಕಿತ್ತು ಟ್ರೇಗೆ ಹಾಕಿದ. ಅದು ಎಕ್ಸ್‌ರೇ ಯಂತ್ರದೊಳಗೆ ಹೋದದ್ದೇ ತಡ, ಅದರ ಮಾನಿಟರ್ ನೋಡುತ್ತಿದ್ದವನಿಗೆ ಬ್ಯಾಟರಿ, ತಂತಿ, ಲೋಹದ ಕೊಳವೆ ಕಂಡಿತು. ಬೆಲ್ಟ್ ನಿಂತಿತು. ಯಾರದಿದು, ಏನಿದು ಎಂದು ಕೇಳಿದರು. ಅಪ್ಪ ಕೈಯೆತ್ತಿದರು, ಕತ್ತು ತೋರಿಸಿದರು, ತುಟಿ ಆಡಿಸಿದರು. ಪರದೆಯ ಆಚೆಯಿಂದ ನನಗೆ ಕೇಳಿಸಿದ್ದು ಕಾವಲಿನವನ ಗಂಟಲು ಮಾತ್ರ: "ಬಾಯಿಲ್ವಾ ನಿಮಗೆ? ಕೇಳಿದ್ದಕ್ಕೆ ಉತ್ತರ ಕೊಡಿ!" ಅದು ಅಪ್ಪನಿಗೇ ಹೇಳಿದ್ದು ಎಂದು ಗೊತ್ತಾಗಿ ನಾನು ಕೈ ಚಾಚಿ ನಿಂತಲ್ಲಿಂದಲೇ ಅವರು ಮಾತಾಡಲ್ಲ, ಅವರಿಗೆ ಆಗಲ್ಲ ಎಂದು ಕೂಗಿದೆ. ನನ್ನನ್ನು ತಡಕುತ್ತಿದ್ದವಳು ಅಲುಗಬೇಡಿ ಎಂದು ಗದರಿದಳು. ಸುಮ್ಮನೆ ನಿಂತಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆಯಲ್ಲ ತಮ್ಮಾ, ಅಪ್ಪ ಸುಮ್ಮನೆಯೇ ನಿಂತಿದ್ದರು. ಅದೇ ಅವರ ಅಪರಾಧವಾಯಿತು.

ಅಷ್ಟರಲ್ಲಿ ಮೇಲಿನವನೊಬ್ಬ ಬಂದು, ಟ್ರೇ ಹೊರಗೆಳೆಸಿ, ಕತ್ತಿನ ಬಟ್ಟೆ ಬಿಚ್ಚಿ ಎಂದ. ಅಷ್ಟು ಜನರ ಮುಂದೆ! ಅಪ್ಪ ತಲೆಯಾಡಿಸಿ, ಟ್ರೇ ಕಡೆ ಕೈ ಚಾಚಿದರು. ಯಂತ್ರ ಸಿಕ್ಕಿದರೆ ಹೇಳಬಹುದಿತ್ತಲ್ಲ. ಆ ಚಾಚಿದ ಕೈಯನ್ನೇ ಕಾವಲಿನವನು ಹಿಡಿದು ತಿರುಚಿದ. ನಾನು ಪರದೆ ಸರಿಸಿ ಓಡಿಬಂದಾಗ ಅಪ್ಪ ನೆಲದ ಮೇಲಿದ್ದರು, ಟ್ರೇ ಮಗುಚಿತ್ತು, ಯಂತ್ರ ಉರುಳಿ ಗುಂಡಿ ಸಿಕ್ಕಿಕೊಂಡು ಗುಂಯ್ ಎಂದು ಒಂದೇ ಸಮ ಕೂಗುತ್ತಿತ್ತು. ಯಾರೋ "ಬಾಂಬ್!" ಎಂದರು. ಆಮೇಲೆ ಕೇಳಬೇಕೆ. ಕಾಲುಚೀಲದಲ್ಲೇ, ಪ್ಯಾಂಟು ಹಿಡಿದುಕೊಂಡು, ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಜನ ದಿಕ್ಕಾಪಾಲಾಗಿ ಓಡಿದರು. ಕಾವಲಿನವರೂ ಓಡಿದರು, ಆ ನೂಕಿನಲ್ಲಿ ನಾನು ಗೋಡೆಗೆ ಸಿಕ್ಕಿಬಿದ್ದೆ. ಆ ಖಾಲಿ ಹಜಾರದಲ್ಲಿ ಅಪ್ಪ ಒಬ್ಬರೇ ಅದರ ಕಡೆಗೆ ತೆವಳುತ್ತಿದ್ದರು. ಬಟ್ಟೆ ಜಾರಿ ರಂಧ್ರ ಕಾಣುತ್ತಿತ್ತು. ನೀನು ನೋಡಿದ ವಿಡಿಯೋ ಶುರುವಾಗುವುದು ಅಲ್ಲಿಂದ. ಅದಕ್ಕೂ ಮುಂಚಿನದನ್ನು ಯಾರೂ ತೆಗೆದಿಲ್ಲ, ತೆಗೆದಿದ್ದರೂ ಹಾಕಿಲ್ಲ. ಯಾರೋ ಪುಣ್ಯಾತ್ಮರು ಅಪ್ಪನ ಕತ್ತಿನ ಸುತ್ತ ಕೆಂಪು ಗೆರೆ ಎಳೆದು, ಇಲ್ಲೇನಿದೆ ನೋಡಿ ಎಂದು ಬರೆದಿದ್ದಾರೆ. ಅವರ ಮನೆ ತಣ್ಣಗಿರಲಿ.

ಸಂಜೆಯವರೆಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದರು. ಆಸ್ಪತ್ರೆಯ ಪತ್ರ ತೋರಿಸಿದೆ. ಭದ್ರತಾ ಅಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ, ಇದು ಡಾಕ್ಟರ ಮಾತು, ನಮಗೆ ಮುಂಚಿತವಾಗಿ ಯಾಕೆ ತಿಳಿಸಲಿಲ್ಲ ಎಂದ. ತಿಳಿಸಲು ಫೋನ್ ಮಾಡಿದಾಗೆಲ್ಲ ಅವರ ಕಡೆಯ ಯಂತ್ರ ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತಿತ್ತು ಎಂದೆ. ಅವನು ನಗಲಿಲ್ಲ. ಆಮೇಲೆ ನಾನು ಏನೇನು ಅಂದೆನೋ, ಸುದ್ದಿ ತಿಳಿದು ಓಡಿಬಂದಿದ್ದ ನಿನ್ನ ಭಾವ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡು, ಈ ಮಾತೆಲ್ಲ ಎಲ್ಲಿ ಕಲಿತೆ ಎಂದು ಇವತ್ತಿಗೂ ಕೇಳುತ್ತಾರೆ. ಅಪ್ಪನಿಗೆ ಒಂದು ಹಾಳೆ ಕೊಡಿ, ಬರೆಯುತ್ತಾರೆ ಎಂದು ಬೇಡಿಕೊಂಡ ಮೇಲೆ ಕೊಟ್ಟರು. ಅಪ್ಪ ಬರೆದದ್ದು ಒಂದೇ ಸಾಲು: ನನ್ನ ಯಂತ್ರ ಎಲ್ಲಿ? ಅದನ್ನು ಸುರಕ್ಷಿತವಾಗಿ ನಾಶಪಡಿಸಲಾಗಿದೆ ಎಂದರು. ಹಾಗೆ ಹೇಳುವಾಗ ಆ ಮನುಷ್ಯನ ಮುಖದಲ್ಲಿ, ಒಂದು ಒಳ್ಳೆಯ ಕೆಲಸ ಮುಗಿಸಿದ ಸಮಾಧಾನ ಇತ್ತು.

ಮರುದಿನ ನಿಲ್ದಾಣದವರ ಹೇಳಿಕೆ ಬಂತು. ಪ್ರಯಾಣಿಕರೊಬ್ಬರು ಸಹಕರಿಸಲು ನಿರಾಕರಿಸಿದ್ದರಿಂದ ವಿಮಾನಗಳು ತಡವಾದವು, ಸಿಬ್ಬಂದಿಯ ಸಮಯಪ್ರಜ್ಞೆಯಿಂದ ಅನಾಹುತ ತಪ್ಪಿತು. ಟೀವಿಯಲ್ಲಿ ಕೋಟು ಹಾಕಿಕೊಂಡವರು ಕೂತು ಚರ್ಚೆ ಮಾಡಿದರು. ಕಾವಲು ಅತಿಯಾಯಿತೆಂದು ಕೆಲವರು, ಸಾಲದೆಂದು ಕೆಲವರು. ಅಪ್ಪನನ್ನು ಒಂದು ಮಾತು ಕೇಳೋಣವೆಂದು ಯಾರೂ ಬರಲಿಲ್ಲ. ಬಂದಿದ್ದರೂ ಅವರ ಹತ್ತಿರ ಮಾತು ಎಲ್ಲಿತ್ತು? ಈಗ ಮನೆಯಲ್ಲಿ ಅವರಿಗೆ ನಾನು ಬೇಕಾದರೆ ಮೇಜು ಬಡಿಯುತ್ತಾರೆ. ಮಾರುಕಟ್ಟೆ ಕಡೆ ಹೋಗುವುದನ್ನು ಬಿಟ್ಟಿದ್ದಾರೆ. ಅಲ್ಲಿ ಹೂಕೋಸಿನ ವ್ಯಾಪಾರಿ, ಮೂವತ್ತು ವರ್ಷ ಅವರ ಕೂಗಿಗೆ ಮಾಲು ಮಾರಿದವನು, "ಗಂಟೆ ಮಾಮ, ಜೇಬಲ್ಲಿ ಏನೂ ಇಲ್ಲ ತಾನೆ?" ಎಂದು ತಮಾಷೆ ಮಾಡಿದನಂತೆ. ತಮಾಷೆಯೇ ಇರಬೇಕು.

ನಮ್ಮಿಬ್ಬರ ಹೆಸರೂ ವಿಮಾನ ಹತ್ತಬಾರದವರ ಪಟ್ಟಿಗೆ ಸೇರಿದೆ. ಹೋದ ವಾರ ಆ ಅಧಿಕಾರಿ ಕರೆಸಿದ್ದ. ಒಳ್ಳೆಯ ಮಾತಿನಲ್ಲೇ ಹೇಳಿದ, "ಯಜಮಾನರೇ, ಸಿಬ್ಬಂದಿ ಮುಂದೆ ನಿಂತು ನನ್ನಿಂದ ತಪ್ಪಾಯ್ತು ಅಂತ ಒಂದು ಮಾತು ಹೇಳ್ಬಿಡಿ. ನಾವೂ ಮುಗಿಸಿಬಿಡ್ತೀವಿ, ನೀವೂ ಮೊಮ್ಮಗಳನ್ನ ನೋಡಿ ಬನ್ನಿ." ಅಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು. ನನಗೆ ಮಾತ್ರ, ಸುಳ್ಳೇಕೆ ಹೇಳಲಿ, ಎಷ್ಟೋ ದಿನದ ಮೇಲೆ ಹಳೆಯ ಅಪ್ಪ ಸಿಕ್ಕಂತಾಯಿತು.

ಆದ್ದರಿಂದ ಅವರು ಬರುವುದಿಲ್ಲ. ಮತ್ತೆ ಟಿಕೆಟ್ ಕಳಿಸುತ್ತೇನೆ ಎನ್ನಬೇಡ. ನಿನ್ನ ಜೊತೆಯವರು ಇನ್ನೊಮ್ಮೆ ಆ ವಿಡಿಯೋ ತೋರಿಸಿದರೆ, ಆ ತೆವಳುತ್ತಿರುವವರು ನನ್ನ ಅಪ್ಪ ಎಂದು ಹೇಳುವ ಧೈರ್ಯ ನಿನಗಿರಲಿ, ಅಷ್ಟು ಸಾಕು. ಕಟುವಾಗಿ ಬರೆದಿದ್ದರೆ ಅಕ್ಕ ಎಂದು ಸಹಿಸಿಕೋ. ಬೆನ್ನು ನೋಡಿಕೋ, ಪುಟ್ಟಿಗೆ ನನ್ನ ಮುತ್ತು, ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮೂವರೂ ನೂರು ಕಾಲ ತಣ್ಣಗಿರಿ.

ಇತಿ,
ನಿನ್ನ ಅಕ್ಕ

ಮರೆತ ಮಾತು, ಮಂಗಳವಾರ: ಡಾಕ್ಟರ ಮಗಳು ಬಾಗಿಲಲ್ಲೇ ನಿಂತಿದ್ದಾಳೆ, ಟ್ಯಾಕ್ಸಿ ಬಂದಿದೆ, ಬೇಗ ಬರೆಯುತ್ತೇನೆ. ಮೇಲೆ ಬರೆದದ್ದನ್ನು ಹರಿಯಲು ಹೊತ್ತಿಲ್ಲ. ಅಪ್ಪ ಬರುತ್ತಾರೆ. ನಿನ್ನೆ ಆಸ್ಪತ್ರೆಯವರು ಒಂದು ಹಳೆಯ ಯಂತ್ರ ಕೊಟ್ಟರು. ಮನೆಗೆ ಹೋಗೋಣ ಎಂದರೆ ಕೇಳದೆ, ಅಲ್ಲಿಂದ ನೇರವಾಗಿ ನಿಲ್ದಾಣದ ಬಸ್ಸು ಹತ್ತಿದರು. ಆ ಅಧಿಕಾರಿಯ ಕೋಣೆಯಲ್ಲಿ, ಕೈ ತಿರುಚಿದವನ ಮುಂದೆ ನಿಂತು, ಯಂತ್ರ ಕತ್ತಿಗೆ ಒತ್ತಿಕೊಂಡು ಕ್ಷಮೆ ಕೇಳಿದರು. "ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ" ಎಂದ ಅವನು. ಅಪ್ಪ ಇನ್ನೊಮ್ಮೆ ಹೇಳಿದರು. ಆಗಲೂ ತಿಳಿಯಲಿಲ್ಲವಂತೆ, ಮತ್ತೆ ಹೇಳಿಸಿದರು. ನಾನು ಬಾಯಿ ತೆರೆಯಲು ಹೋದರೆ ಅಪ್ಪ ಕಣ್ಣಲ್ಲೇ ತಡೆದರು. ಕೊನೆಗೆ ಅವರ ಹೆಸರನ್ನು ಪಟ್ಟಿಯಿಂದ ತೆಗೆದರು. ನನ್ನದು ಸಿಬ್ಬಂದಿಯನ್ನು ಬೈದ ಬೇರೆ ವಿಚಾರಣೆಯಂತೆ, ನನ್ನ ಹೆಸರು ಪಟ್ಟಿಯಲ್ಲೇ ಇದೆ. ಹಾಗಾಗಿ ಮುಂದಿನ ವಾರ ಒಬ್ಬರೇ ಬರುತ್ತಾರೆ, ದಿನ ಗೊತ್ತಾದ ಕೂಡಲೇ ಫೋನ್ ಮಾಡುತ್ತೇನೆ. ಕ್ಷಮೆ ಕೇಳಿದ್ದನ್ನು ನಿನಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ, ನಿನಗೆ ಗೊತ್ತಿರುವುದು ಅವರಿಗೆ ತಿಳಿಯಬಾರದು. ಎದುರಿಗೆ ಕೂತು ಅವರು ಮಾತಾಡುವಾಗ ಮೊದಮೊದಲು ನಿನಗೇನೂ ಅರ್ಥವಾಗುವುದಿಲ್ಲ. ದಮ್ಮಯ್ಯ ಕಣೋ, ಇನ್ನೊಂದು ಸಲ ಹೇಳಿ ಅನ್ನಬೇಡ. ಹೂಂ ಅನ್ನು.