ಮನೆ ಬಿಡದ ಗೋಬಿ

ಮಾರ್ಚ್ 3, ಸಂಜೆ

ಎಂದಿನಂತೆ ತಂಗಿ ನೀರಿನ ಕೆಳಗೆ, ನಾನು ದೋಣಿಯಲ್ಲಿ. ಅವಳ ಸೊಂಟದ ಹಗ್ಗ ನನ್ನ ಕೈಯಲ್ಲಿ. ಒಂದು ಜಗ್ಗು ಎಂದರೆ ಚೆನ್ನಾಗಿದ್ದೇನೆ. ಮೂರು ಎಂದರೆ ಮೇಲೆ. ಬಂದರಿಗೆ ಬರುವ ದೊಡ್ಡ ಹಡಗುಗಳಿಗೆ ದಾರಿ ಅಗಲ ಮಾಡಬೇಕಂತೆ. ತಳದ ‘ಬಂಡೆ’ಗೆ ತೂತು ಕೊರೆದು ಸಿಡಿಮದ್ದು ತುಂಬುವ ಕೆಲಸ.

ಮೇಲೆ ಬಂದವಳೇ ಮಾಸ್ಕ್ ಕಿತ್ತೆಸೆದಳು.

“ಬಂಡೆಯಂತೆ ಬಂಡೆ! ಹವಳ ಕಣೇ ಅಕ್ಕಾ. ಜೀವ ಇದೆ. ಸಂದಿಸಂದಿಲೂ ಗೋಬಿ ಮೀನು, ನನ್ನ ಉಗುರಿನಷ್ಟಿಲ್ಲ. ಡ್ರಿಲ್ ಮೂತಿಗೇ ಹಿಡಿದ್ರೂ ಜಾಗ ಬಿಡಲ್ಲ ಅಂತವೆ.”

ಅಷ್ಟು ಜೋರಾಗಿ ಹೇಳಬಾರದಿತ್ತು. ಪಕ್ಕದ ದೋಣಿಯಲ್ಲಿದ್ದ ಮೇಸ್ತ್ರಿಯ ಕಿವಿ ಚುರುಕು.

ಮಾರ್ಚ್ 5

ಮ್ಯಾನೇಜರ್ ರೂಮಿಗೆ ಕರೆ. ನಮ್ಮ ಬಾಯಲ್ಲಿ ಅವನು ಇಸ್ತ್ರಿ — ಅಂಗಿಯಲ್ಲಿ ಸುಕ್ಕಿಲ್ಲ, ಮುಖದಲ್ಲೂ ಇಲ್ಲ. ಮೇಜಿನ ಮೇಲೆ ಮುರಿದ ಹವಳದ ತುಂಡು, ಬೆಳಿಗ್ಗೆ ಮೇಸ್ತ್ರಿ ತರಿಸಿದ್ದು. ಕಾಗದ ಹಾರದಿರಲೆಂದು ಇಟ್ಟುಕೊಂಡಿದ್ದಾನೆ!

“ನೋಡ್ರಮ್ಮಾ, ಒಣಕಲು ಕಲ್ಲು, ಸತ್ತಿರೋದು. ಗೋಬಿ ಅಂತೆ! ಹೂಕೋಸು ಬೆಳೆದಿದ್ಯಾ ಕೆಳಗೆ?”

ಮೇಸ್ತ್ರಿ ಹಲ್ಲು ಕಿಸಿದ. ತಂಗಿ ನಗಲಿಲ್ಲ. ಬಗ್ಗಿ ನೋಡಿದಳು. ಸಂದಿಯಲ್ಲಿ, ಉಳಿದ ಪಸೆಯಲ್ಲಿ, ಏನೋ ಮಿಸುಕಿತು. ಅದೇ ಮೀನು. ಬೆಳಗಿನಿಂದ ನೀರಿಲ್ಲ...

“ಮನೆ ಕಿತ್ತು ಮೇಜಿನ ಮೇಲಿಟ್ರೂ ಬಿಟ್ಟು ಹೋಗಿಲ್ಲ ಸಾರ್. ಸತ್ತಿರೋದು ಯಾವುದು, ಹೇಳಿ.”

ಇಸ್ತ್ರಿ ಮುಖದಲ್ಲಿ ಮೊದಲ ಸುಕ್ಕು.

“ಒಂಬತ್ತನೇ ತಾರೀಖು ಬ್ಲಾಸ್ಟ್. ಆಗಲ್ಲ ಅನ್ನೋರು ಮನೇಲಿರಿ.”

ತಂಗಿ ಹವಳ ಎತ್ತಿಕೊಂಡು ಹೊರಟೇಬಿಟ್ಟಳು. ಕೇಳಲಿಲ್ಲ, ಗೀಳಲಿಲ್ಲ. ಫ್ಯಾನಿಗೆ ಅವನ ಕಾಗದಗಳೆಲ್ಲ ಚೆಲ್ಲಾಪಿಲ್ಲಿ.

ಮಾರ್ಚ್ 6

ಬಕೆಟ್ಟಿನ ಸಮುದ್ರದ ನೀರಿನಲ್ಲಿ ಮೀನು ಚೇತರಿಸಿಕೊಂಡಿದೆ. ಹವಳದ ಸಮೇತ ಕೆಳಗೊಯ್ದು ಬಿಟ್ಟುಬಂದಳು. ಮೇಲೆ ಬಂದವಳೇ ಹೇಳಿದಳು:

“ಒಂಬತ್ತಕ್ಕೆ ನಾನು ಕೆಳಗೆ ಕೂತಿರ್ತೀನಿ. ದೋಣಿ ಮೇಲೆ ಕೆಂಪು ಬಾವುಟ ಇದ್ರೆ ಕೆಳಗೆ ಆಳು ಇದ್ದಾರೆ ಅಂತ. ಸಿಡಿಸೋ ಹಾಗಿಲ್ಲ. ಬಾವುಟ ಇಳಿಸೋ ಹಕ್ಕು ಹಗ್ಗ ಹಿಡಿದೋರಿಗೆ ಮಾತ್ರ. ಅಂದ್ರೆ ನಿನಗೆ.”

“ಹುಚ್ಚೀ! ಅವರು ಬಾವುಟ ನೋಡದೆ ಬಟನ್ ಒತ್ತಿದ್ರೆ? ನಿನ್ನ ಚೂರೂ ಸಿಗಲ್ಲ ನನಗೆ.”

“ಹಾಗಾದ್ರೆ ಕಾಣೋ ಹಾಗೆ ಕಟ್ಟು.”

ಸಿಟ್ಟು ಅವಳ ಮೇಲಾ, ಅವರ ಮೇಲಾ, ತಿಳಿಯುತ್ತಿಲ್ಲ. ಉಗುರಿನಷ್ಟು ಮೀನು! ಅದಕ್ಕಿರುವ ಛಲ ನಮಗೆಲ್ಲಿತ್ತು? ಅಪ್ಪನ ಗುಡಿಸಲು ಕೆಡವಿ ಇದೇ ಬಂದರು ಕಟ್ಟಿದಾಗ ಗಂಟುಮೂಟೆ ಹೊತ್ತು ಎದ್ದುಬಂದವರು ನಾವು.

ಮಾರ್ಚ್ 9, ಬೆಳಿಗ್ಗೆ

ಕೆಳಗಿದ್ದಾಳೆ. ಹಗ್ಗ ಎಡಗೈಗೆ ಸುತ್ತಿದ್ದೇನೆ. ಏನಾದರೂ ಆದರೆ ಸಾಕ್ಷಿಯಿರಲೆಂದು ಬಲಗೈಯಲ್ಲಿ ಬರೆಯುತ್ತಿದ್ದೇನೆ.

ದಡದಿಂದ ಮೈಕಿನಲ್ಲಿ ಇಸ್ತ್ರಿ: “ಏಯ್, ಬಾವುಟ ಇಳಿಸು!”

“ಬಾವುಟ ಅಲ್ಲ ಸಾರ್, ನನ್ನ ತಂಗಿ ಅದು!”

ಉಳಿದ ಡೈವರುಗಳ ದೋಣಿಗಳು ದೂರ ನಿಂತು ನೋಡುತ್ತಿವೆ. ಹೇಡಿಗಳು.

ಇಲ್ಲ — ಒಂದರಲ್ಲಿ ಕೆಂಪು ಬಾವುಟ ಏರಿತು. ಯಾರೋ ನೀರಿಗೆ ಧುಮುಕಿದರು! ಇನ್ನೊಂದರಲ್ಲೂ...

ಮೇಸ್ತ್ರಿಯ ದೋಣಿ ಇತ್ತ ತಿರುಗಿದೆ. ಕೈಯಲ್ಲಿ ಕತ್ತಿ. ಬಾವುಟಕ್ಕೋ, ಹಗ್ಗಕ್ಕೋ.

ನಾನು ಹಗ್ಗವನ್ನು ಮೂರು ಸಲ ಜಗ್ಗಿದೆ. ಬಾರೇ, ಮೇಲೆ ಬಾ.

ಉತ್ತರ ಬಂತು. ಒಂದೇ ಜಗ್ಗು.

ಸರಿ ಹಾಗಾದರೆ. ಪೆನ್ನು ಇಡುತ್ತೇನೆ. ಹಗ್ಗಕ್ಕೂ ಬಾವುಟಕ್ಕೂ ಎರಡೂ ಕೈ ಬೇಕು, ಮೇಸ್ತ್ರಿ ಹತ್ತಿರ ಬಂದೇಬಿಟ್ಟ—